ನೂರು ಗ್ರಾಮಿನ ಬಟ್ಟು

ಈ ತಿಂಗಳು ತೆರ್ನಾತೆಯಲ್ಲಿ ರಸ್ತೆ ಅರ್ಧ ನಮ್ಮದು,
ಅರ್ಧ ಲವಂಗದ್ದು.
ಚಾಪೆಯ ಮೇಲೆ ಹಸಿ ಮೊಗ್ಗು ಬಿಸಿಲಿಗೆ ಕಂದಾಗುತ್ತಿದೆ,
ಶಾಲೆಗೆ ಬರುವ ಹುಡುಗಿಯರ ಬಿಳಿ ತಲೆವಸ್ತ್ರದಲ್ಲೂ
ಅದೇ ಘಾಟು.
ಬೆನ್ನಿಗೆ ಗಮಲಾಮ ಬೆಟ್ಟ. ಒಮ್ಮೊಮ್ಮೆ ಹೊಗೆ ಬಿಟ್ಟು
ಇಲ್ಲೇ ಇದ್ದೇನೆ ಅನ್ನುತ್ತದೆ.

ನಾನು ಮದರಸಾದಲ್ಲಿ ರಸಾಯನ ಕಲಿಸುವವಳು,
ಹದಿನಾಲ್ಕು ವರ್ಷದಿಂದ.
ನಾಳೆ ಮಕಾಸ್ಸರಿನಿಂದ ತಪಾಸಣೆಯವರು ಬರುತ್ತಾರೆಂದು
ನಮ್ಮ ಹಸ್ನಾವತಿ ಮೇಡಂ ಮೂರು ರಾತ್ರಿ ಮಲಗಿಲ್ಲ.
ಹಸಿರು ಕಡತದಲ್ಲಿ ಮೌಲ್ಯ, ನೀಲಿಯಲ್ಲಿ ಗುಣಮಟ್ಟ,
ಎರಡಕ್ಕೂ ಬೇರೆ ಬೇರೆ ದಾರ.
'ಪ್ರಯೋಗಾಲಯ ಸಂಪೂರ್ಣ' ಎಂಬ ಸಾಲಿನ ಕೆಳಗೆ
ನನ್ನ ಸಹಿ ಬೇಕು.
ತಕ್ಕಡಿ ಇದೆ. ಬಟ್ಟಿನ ಪೆಟ್ಟಿಗೆ ಇದೆ.
ಪೆಟ್ಟಿಗೆಯ ಮಖಮಲ್ಲಿನಲ್ಲಿ ನೂರರ ಕುಳಿ ಮಾತ್ರ ಖಾಲಿ;
ಹಿಂದಿನ ವರ್ಷ ನೆಲ ನಡುಗಿದಾಗ
ಎಲ್ಲಿಗೋ ಉರುಳಿತ್ತು.

ಸಹಿ ಹಾಕಿದೆ. ಆಮೇಲೆ ಪೇಟೆಗೆ ಓಡಿದೆ.
ಕಮರುಲ್ಲಾನ ಅಂಗಡಿ: ಜಾಯಿಕಾಯಿ, ಜಾಪತ್ರೆ, ದಾಲ್ಚಿನ್ನಿ.
'ಒಂದು ದಿನದ ಮಟ್ಟಿಗೆ' ಅಂದೆ.
ಆತ ಬಟ್ಟನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿ,
ರಸ್ತೆ ನೋಡಿ, ನನ್ನ ನೋಡಿ,
ಕೊಟ್ಟ.
ಜಿಪುಣ ಅಂದುಕೊಂಡೆ ದಾರಿಯುದ್ದಕ್ಕೂ.
ಅವನ ಮಗಳು ಸರ್ಬಾನುನ್
ನನ್ನ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಾಳೆ.

ತಪಾಸಣೆಯ ದರ್ವಿಸ್ ಸಾಹೇಬರು ಮೆದು ಮಾತಿನವರು.
ಬೆವರು ಒರೆಸುತ್ತ, 'ಯಾರಾದರೂ ಒಬ್ಬಳು
ನೀರಿನ ಸಾಂದ್ರತೆ ತೋರಿಸಿ ಮಗೂ' ಅಂದರು.
ಸರ್ಬಾನುನ್ ಎದ್ದಳು.
ಬಿಸ್ಮಿಲ್ಲಾ ಹೇಳಿ ಖಾಲಿ ಬೀಕರಿಗೆ ಮರಳಿನಿಂದ ಸಮ ತೂಗಿದಳು,
ಒಂದು ತಟ್ಟೆಗೆ ಬಟ್ಟಿಟ್ಟು
ಇನ್ನೊಂದಕ್ಕೆ ಹನಿಹನಿ ನೀರು.
ಮುಳ್ಳು ನಡುವೆ ನಿಂತಿತು.
ಅಳೆಸೀಸೆಯಲ್ಲಿ ಓದಿ ಹೇಳಿದಳು: ತೊಂಬತ್ತೊಂದು.

ನಾನು ಕೆಮ್ಮಿದೆ.
ಎಲ್ಲ ಮೇಷ್ಟರ ಮಾತೃಭಾಷೆ ಅದು:
ನೂರು ಅಂದುಬಿಡು ಮಗಳೇ.
ಹಸ್ನಾವತಿ ಮೇಡಂ ಬೆರಳಲ್ಲಿ ಜಪಮಣಿ ನಿಂತಿತ್ತು.
ಅವಳು ಬೀಕರು ಒರೆಸಿ ಮತ್ತೆ ಸುರಿದಳು.
ತೊಂಬತ್ತೊಂದು.
ವುಜೂವಿನಲ್ಲಿ ಕೈ ತೊಳೆವ ಹಾಗೆ
ಮೂರನೆಯ ಸಲ, ಅವಸರವಿಲ್ಲದೆ.
'ನೀರಿನ ತಪ್ಪಲ್ಲ ಸರ್' ಅಂದಳು,
ಬಟ್ಟನ್ನು ಎತ್ತಿ ಬುಡ ತೋರಿಸಿದಳು.
ಬುಡದಲ್ಲಿ ಕೊರೆದ ತೂತು,
ತೂತಿಗೆ ಮೆತ್ತಿದ ಮೇಣ, ವರ್ಷಗಳ ಕೊಳೆಗೆ ಕಪ್ಪಗೆ.

ಮತ್ತೆ ಅದನ್ನು ಕೆಳಗಿಡಹೋದವಳು ನಿಂತಳು.
ಮೇಲ್ಗಡೆ ಮೊಳೆಯಲ್ಲಿ ಗೀಚಿದ ಒಂದು ಮೀನು,
ಬಾಲ ಸೊಟ್ಟ, ಕಣ್ಣು ಹೊರಗೆ,
ಅಪ್ಪನ ಗಲ್ಲಾದ ಮೇಲೆ ಕೂತ ಆರು ವರ್ಷದ ಮಗುವಿಗೆ
ಬೇಸರವಾದಾಗ ಹುಟ್ಟುವಂಥದು.
ಅವಳು ನೋಡಿದಳು.
ನೋಡಿದ್ದನ್ನು ನಾನು ನೋಡಿದೆ.
ತೂತನ್ನು ಎಲ್ಲರಿಗೂ ತೋರಿಸಿದ ಕೈ
ಮೀನಿನ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು.

'ಎಲ್ಲಿಯದು ಇದು?' ಕೇಳಿದರು ದರ್ವಿಸ್ ಸಾಹೇಬರು.
ಫ್ಯಾನು ತಿರುಗಿತು.
ಅವಳ ತುಟಿ ಬಿಳಿಚಿತ್ತು, ಸುಳ್ಳಿಗೂ ಅಲ್ಲ ಸತ್ಯಕ್ಕೂ ಅಲ್ಲ.
'ನಾನು ತಂದದ್ದು' ಅಂದೆ.
'ನಮ್ಮ ಬಟ್ಟು ಕಳೆದು ವರ್ಷವಾಯಿತು.
ಆ ಸಾಲಿನ ಕೆಳಗಿರುವುದು ನನ್ನ ಸಹಿ, ಹೊಡೆದುಹಾಕಿ.'
ಹಗುರಾಯಿತು ಅಂತ ಹೇಳಲಾರೆ.
ಹೊಟ್ಟೆಯಲ್ಲಿ ಕಲ್ಲು ಹಾಗೇ ಇತ್ತು,
ಈಗ ಅದರ ತೂಕ ಗೊತ್ತಿತ್ತು, ಅಷ್ಟೆ.

ನಮಗೆ ಎರಡನೆಯ ದರ್ಜೆ ಬಂತು.
ಮೇಡಂ ನನ್ನೊಡನೆ ಹನ್ನೊಂದು ದಿನ ಮಾತಾಡಲಿಲ್ಲ;
ಹನ್ನೆರಡನೆಯ ದಿನ ಜುಹರಿಗೆ ನಿಂತಾಗ
ಹೆಗಲಿಗೆ ಹೆಗಲು ತಾಗಿಸಿದರು.
ನೀಲಿ ಕಡತ ತೆರೆದರೆ ಆ ಪದದಲ್ಲೇ ಎಡವುತ್ತೇನೆ:
ಮಟ್ಟ ಬರೆಯುವುದು ಸುಲಭ,
ಗುಣ ಎಲ್ಲಿಟ್ಟೆ?

ಬಟ್ಟು ವಾಪಸು ಕೊಡಲು ಹೋದೆ.
ಕಮರುಲ್ಲಾ ನನ್ನ ಮುಖ ನೋಡಲಿಲ್ಲ.
ಗಿರಾಕಿಗೆ ಜಾಯಿಕಾಯಿ ತೂಗುತ್ತಿದ್ದ, ಹೊಸ ಬಟ್ಟಿನಲ್ಲಿ.
'ಇಟ್ಟುಕೊಳ್ಳಿ ಟೀಚರ್, ಮಕ್ಕಳಿಗೆ ತೋರಿಸಿ' ಅಂದ.
ಮಗಳು ಏನಾದರೂ ಹೇಳಿದಳೋ, ಹೇಳದೆ ಉಳಿದಳೋ,
ನಾನು ಕೇಳಿಲ್ಲ.

ಮಖಮಲ್ಲಿನ ಕುಳಿಗೆ ಅದು ಕೂರುವುದಿಲ್ಲ, ತುಸು ದಪ್ಪ.
ಕಪಾಟಿನಲ್ಲಿ ಬೇರೆ ಇಟ್ಟಿದ್ದೇನೆ ಮಗ್ಗುಲಾಗಿಸಿ,
ತೂತು ತರಗತಿಗೆ ಕಾಣುವಂತೆ,
ಮೀನು ಗೋಡೆಗೆ.